ಹುಣಸೆಹುಳಿ ಕುಡಿದ ಕಾಫಿ ಮಷೀನು

"ಇವತ್ತಿಂದ ಈ ಮನೆಯ ಕಾಫಿ ಮಷೀನು ನನ್ನ ಜವಾಬ್ದಾರಿ!"

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಅಂಜನಮೂರ್ತಿ ಹೀಗೆ ಘೋಷಿಸಿದಾಗ, ಚಪ್ಪಲಿ ಮೆಟ್ಟುತ್ತಿದ್ದ ಅವನ ಹೆಂಡತಿ ಪ್ರಿಯದರ್ಶಿನಿ ಒಂದೇ ಕಾಲಲ್ಲಿ ನಿಂತುಬಿಟ್ಟಳು.

"ಯಾಕ್ರೀ, ಜ್ವರ ಗಿರ ಬಂದಿದ್ಯಾ?"

ಜ್ವರವಲ್ಲ, ಆತ್ಮಸಾಕ್ಷಿ! ಶುಕ್ರವಾರ ಕಚೇರಿಯ ಮಹಿಳಾ ದಿನಾಚರಣೆಯಲ್ಲಿ ಅವನು, ಅಡುಗೆಮನೆಗೆ ಗಂಡಸು ಹೆಗಲು ಕೊಡಬೇಕೆಂದು ಇಪ್ಪತ್ತೈದು ನಿಮಿಷ ಗುಡುಗಿದ್ದ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತ್ತು. ತಟ್ಟಿದ ಗಂಡು ಕೈಗಳಲ್ಲಿ ಒಂದಾದರೂ ತಾನು ಟೀ ಕುಡಿದ ಲೋಟವನ್ನು ತೊಳೆಯಿತೇ? ಊಹೂಂ. ಮಹಿಳಾ ದಿನದ ಅಷ್ಟೂ ಲೋಟಗಳನ್ನು ತೊಳೆದವಳು ಕಚೇರಿಯ ಆಯಮ್ಮ. ಆ ರಾಶಿಯಲ್ಲಿ ಭಾಷಣಕಾರರ ಲೋಟವೂ ಇತ್ತು. ಅದು ಅವನನ್ನು ಎರಡು ದಿನದಿಂದ ಚುಚ್ಚುತ್ತಿತ್ತು.

ಹಾಗೆಂದು ಅವನು ಬರೀ ಬಾಯಿಯ ಮನುಷ್ಯನೇನಲ್ಲ. ಹೊರಮಾವಿನ ತಮ್ಮ ಅಪಾರ್ಟ್‌ಮೆಂಟಿನ ಸಂಘದ ಸಭೆಯಲ್ಲಿ ಮೇಜು ಕುಟ್ಟಿ, ಮನೆಗೆಲಸದವರಿಗೆಲ್ಲ ಭಾನುವಾರ ರಜೆ ಕೊಡಿಸಿದ ಮಹಾವೀರ ಅವನೇ. "ಭಾನುವಾರ ಅವರನ್ನ ಕರೆದವರ ಹೆಸರನ್ನ ಲಿಫ್ಟ್ ಪಕ್ಕದ ಬೋರ್ಡಿಗೆ ಹಾಕ್ತೀನಿ!" ಎಂದು ಗರ್ಜಿಸಿದವನೂ ಅವನೇ.

"ನೋಡ್ರೀ," ಎಂದಳು ಪ್ರಿಯದರ್ಶಿನಿ. "ನಾನು ರಸೆಲ್ ಮಾರ್ಕೆಟ್ಟಿಗೆ ಹೋಗಿ ಬರ್ತೀನಿ. ಹನ್ನೊಂದಕ್ಕೆ ನಮ್ಮ ಸ್ಕೂಲಿನ ಅಂಬ್ರೀನ್, ರೇವತಿ ಇಬ್ಬರೂ ಬರ್ತಾರೆ. ನಾನು ಹೆಡ್‌ಮಿಸ್ ಆದಾಗ ಸ್ಕೂಲಿನವರೆಲ್ಲ ಸೇರಿ ಕೊಟ್ಟ ಮಷೀನ್ ಅದು. ಅದರ ಕಾಫಿ ಕುಡಿಯೋಕೇ ಬರ್ತಿರೋದು. ಕೆಟ್ಟಿದೆ ಅಂತ ಅವರ ಮುಂದೆ ಹೇಳೋ ಹಾಗಾದ್ರೆ ನನ್ನ ಮರ್ಯಾದೆ ಹೋಗುತ್ತೆ. ಒಳಗೆ ಸುಣ್ಣ ಕಟ್ಟಿದೆ ಅಷ್ಟೇ. ಸಿಂಕ್ ಕೆಳಗೆ ಅದರ ಔಷಧಿ ಬಾಟ್ಲಿ ಇದೆ. ನೀರಿಗೆ ಬೆರೆಸಿ ಓಡಿಸಿ. ಅರ್ಧ ಗಂಟೆ ಕೆಲಸ."

ಸುಣ್ಣ ಕಟ್ಟದೆ ಇನ್ನೇನು? ಆ ಅಪಾರ್ಟ್‌ಮೆಂಟಿಗೆ ಬರುವುದು ಟ್ಯಾಂಕರಿನ ಬೋರ್‌ವೆಲ್ ನೀರು. ಅದನ್ನು ನೀರು ಎನ್ನುವುದಕ್ಕಿಂತ ಕರಗಿದ ಬಂಡೆ ಎನ್ನಬಹುದು! ವಾರದಿಂದ ಮಷೀನಿನ ಕೆಂಪು ದೀಪ ಮಿಣುಕುತ್ತಿತ್ತು. ಕಾಫಿ ಆಸ್ಪತ್ರೆಯ ಗ್ಲೂಕೋಸಿನ ಹಾಗೆ ಹನಿ ಹನಿಯಾಗಿ ಇಳಿಯುತ್ತಿತ್ತು.

ಹೆಂಡತಿ ಹೊರಟಳು. ಅಂಜನಮೂರ್ತಿ ಭಾನುವಾರದ ಪೇಪರನ್ನೆಲ್ಲ ಮುಗಿಸಿ, ಬಾಟಲಿಯನ್ನು ಎತ್ತಿಕೊಂಡು ಹಿಂದಿನ ಚೀಟಿ ಓದಿದ. ಬರೀ ಕೆಮಿಕಲ್ಲು! ಅವನ ಮೈಯಲ್ಲಿ ಅಜ್ಜಿ ದೊಡ್ಡಮುನಿಯಮ್ಮ ಎದ್ದು ನಿಂತಳು. ಮೂರು ತಲೆಮಾರಿನ ಹಿತ್ತಾಳೆ ಹಂಡೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ, ಸೂರ್ಯನೇ ನಾಚುವಂತೆ ಬೆಳಗಿಸಿದವಳು ಅವಳು. ಹಂಡೆಗಾಗುವ ಹುಣಸೆ ಮಷೀನಿಗೆ ಆಗದೇ? ಎರಡೂ ನೀರು ಕಾಯಿಸುವ ಪಾತ್ರೆಗಳೇ ತಾನೇ!

ಡಬ್ಬಿಯಿಂದ ಒಂದು ದೊಡ್ಡ ಉಂಡೆ ಹುಣಸೆಹಣ್ಣು ತೆಗೆದು, ಬಿಸಿನೀರಿನಲ್ಲಿ ಕಿವುಚಿ, ಶೋಧಿಸುವ ಗೋಜಿಗೂ ಹೋಗದೆ ಮಷೀನಿನ ತೊಟ್ಟಿಗೆ ಸುರಿದು ಗುಂಡಿ ಒತ್ತಿದ.

ಮಷೀನು ಮೊದಲು ಗೊರಗೊರ ಎಂದಿತು. ಆಮೇಲೆ ಕೆಮ್ಮಿತು. ಆಮೇಲೆ ಉಸಿರೇ ಇಲ್ಲ! ಅವನು ಮುಖ ಹತ್ತಿರ ತಂದು ಮುಚ್ಚಳ ಎತ್ತಿದ್ದೇ ತಡ, ಬುಸ್ಸ್ ಎಂದು ಕಂದು ಕಾರಂಜಿ ಎದ್ದಿತು. ಗೋಡೆ, ಕಿಟಕಿ, ಫ್ರಿಜ್ಜು, ಗಡಿಯಾರ, ಅಂಜನಮೂರ್ತಿಯ ಬಿಳಿ ಬನಿಯನ್ನು, ಯಾವುದಕ್ಕೂ ಭೇದವೆಣಿಸದ ಸಂಪೂರ್ಣ ಸಮಾನತೆ!

ಆಗ ಗಂಟೆ ಒಂಬತ್ತೂವರೆ.

ಕಣ್ಣೊರೆಸಿಕೊಂಡ ಅವನ ಕೈ ತಾನಾಗಿಯೇ ಫೋನಿಗೆ ಹೋಯಿತು. ಆತ್ಮಸಾಕ್ಷಿ "ಬೇಡವೋ!" ಎಂದಿತು. ಬೆರಳು ಕೇಳಲಿಲ್ಲ. ಮನೆಗೆಲಸದ ಜಟ್ಟೆಮ್ಮನಿಗೆ ರಿಂಗಾಯಿತು. ಕಲಬುರಗಿ ಕಡೆಯಿಂದ ಬಂದ ಅವಳು ಎರಡು ಬೀದಿಯಾಚೆ ಬಾಡಿಗೆ ಕೋಣೆಯಲ್ಲಿದ್ದಳು.

"ಹಲೋ ಅಣ್ಣಾರ, ಇವತ್ತ ಐತ್ವಾರ ಅಲ್ರಿ?"

"ಹೌದು ಜಟ್ಟೆಮ್ಮ... ಸ್ವಲ್ಪ ಎಮರ್ಜೆನ್ಸಿ. ಒಂದ್ ಹತ್ತು ನಿಮಿಷ ಬಂದ್ ಹೋಗ್ತೀರಾ?"



"ಬರ್ತಿದ್ದೆರಿ. ಆದ್ರ ಐತ್ವಾರ ಯಾರರೆ ಕರದ್ರ ನನಗ ಬಂದು ಹೇಳ್ರಿ, ಅವರ ಹೆಸರು ಬೋರ್ಡಿಗಿ ಹಚ್ತೀನಿ ಅಂದಿದ್ರಿ ನೀವು. ಈಗ ನೀವೇ ಕರದ್ರ ನಾ ಯಾರಿಗಿ ಹೇಳ್ಲಿ?"

ಅಂಜನಮೂರ್ತಿಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು. ನೆಲ ಅಂಟಂಟಾಗಿತ್ತೇ ಹೊರತು ಬಿರಿಯಲಿಲ್ಲ.

"ತಪ್ಪಾಯ್ತು ಜಟ್ಟೆಮ್ಮ. ಬರಬೇಡಿ. ಆದರೆ ಹನ್ನೊಂದಕ್ಕೆ ಇವಳ ಫ್ರೆಂಡ್ಸ್ ಬರ್ತಾರೆ. ಮಷೀನ್ ನಿಂತ್ಹೋಗಿದೆ."

"ಅದಕ್ಯಾಕ ಅಳ್ತೀರಿ? ಮಹದೇವಪುರದ ಟೆಕ್ ಪಾರ್ಕ್ ಕ್ಯಾಂಟೀನ್‌ನ್ಯಾಗ ಎರಡ್ ವರ್ಷ ಇಂಥಾವೇ ಆರು ಮಷಿನ್ ತೊಳದೀನ್ರಿ. ವಿಡಿಯೋ ಹಚ್ರಿ, ನೋಡ್ತೀನಿ."

ಅವನು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿದ.

"ಅಯ್ಯ ಶಿವನೆ! ಮಷಿನಿಗಿ ಸಾರು ಕುಡಿಸೀರೇನ್ರಿ?" ಹಿಂದಿನಿಂದ ಅವಳ ಗಂಡ ಚಂದ್ರಾಮಪ್ಪ ನಗುತ್ತಾ ದನಿಗೂಡಿಸಿದ. "ಒಗ್ಗರಣಿ ಒಂದು ಬಾಕಿ ಉಳದದ ನೋಡ್ರಿ!"

"ಹಾಗಲ್ಲ ಜಟ್ಟೆಮ್ಮ, ನಮ್ಮ ಅಜ್ಜಿ ಕಾಲದಲ್ಲಿ ಏನಾಗ್ತಿತ್ತು ಅಂದ್ರೆ..."

"ಅಣ್ಣಾರ, ಭಾಷಣ ಆಮ್ಯಾಲ ಮಾಡ್ರಿ. ಮೊದಲ ಪ್ಲಗ್ ತೆಗೀರಿ!"

ಅಲ್ಲಿಂದ ಮುಂದಿನ ಒಂದು ಗಂಟೆ ಅಂಜನಮೂರ್ತಿಯ ಬದುಕಿನ ಅತ್ಯಂತ ಶಿಸ್ತಿನ ಗಂಟೆ. ತೊಟ್ಟಿ ಬಿಚ್ಚಿದ. ತಳದ ಜಾಲರಿಗೆ ಸಿಕ್ಕಿದ ಹುಣಸೆ ನಾರನ್ನು ಪಿನ್ನಿನಿಂದ ಒಂದೊಂದಾಗಿ ಕಿತ್ತ. ಹಳೆ ಟೂತ್‌ಬ್ರಷ್ಷಿನಲ್ಲಿ ಉಜ್ಜಿದ. "ಸಿಂಕಿನ ಬುಡಕ ಬಾಟ್ಲಿ ಅದ, ನಾನೇ ಇಟ್ಟೀನಿ" ಎಂಬ ಆಜ್ಞೆಯಾದಾಗ, ತಿರಸ್ಕರಿಸಿದ್ದ ಅದೇ ಔಷಧಿಯನ್ನು ತಲೆತಗ್ಗಿಸಿ ನೀರಿಗೆ ಬೆರೆಸಿ ಓಡಿಸಿದ. ಮಷೀನು ಒಳಗಿನ ಸುಣ್ಣವನ್ನೆಲ್ಲ ಕಕ್ಕಿತು. ಆಮೇಲೆ ಮೂರು ಸಲ ಬರೀ ನೀರು. ಅದು ಓಡುವಷ್ಟರಲ್ಲಿ ಗೋಡೆ ಒರೆಸಿದ, ನೆಲ ಒರೆಸಿದ.

"ಒತ್ತಿ ಒರಸ್ರಿ. ಗೋಡಿಗಿ ಕಚಗುಳಿ ಇಡಬ್ಯಾಡ್ರಿ!" ಎಂದು ಫೋನು ಗದರಿತು.

ಅವನ ಸೊಂಟ ಹಿಡಿದುಕೊಂಡಿತು. ಜಟ್ಟೆಮ್ಮ ದಿನಕ್ಕೆ ಇಂಥ ಐದು ಮನೆ ಒರೆಸುತ್ತಾಳೆಂಬುದು ಅವನಿಗೆ ಗೊತ್ತಿತ್ತು. ಭಾಷಣದಲ್ಲಿ ಆ ಲೆಕ್ಕವನ್ನು ಹೇಳಿಯೂ ಇದ್ದ. ಸೊಂಟಕ್ಕೆ ಮಾತ್ರ ಇವತ್ತೇ ಗೊತ್ತಾದದ್ದು.

ಹತ್ತು ಮುಕ್ಕಾಲಿಗೆ ಕೆಂಪು ದೀಪ ಆರಿ ಹಸಿರು ಹೊತ್ತಿತು. ಅಷ್ಟರಲ್ಲಿ ಕರೆಗಂಟೆ! ಅವನು ಬನಿಯನ್ನು ಕಿತ್ತೆಸೆದು, ಅಂಗಿ ತೊಟ್ಟು ಬಾಗಿಲಿಗೆ ಓಡಿದ. ಹೂವಿನ ಚೀಲದ ಜೊತೆ ಪ್ರಿಯದರ್ಶಿನಿ, ಅವಳ ಹಿಂದೆಯೇ ಲಿಫ್ಟಿನಲ್ಲಿ ಸಿಕ್ಕ ಅಂಬ್ರೀನ್ ಮತ್ತು ರೇವತಿ.

ಕಾಫಿ ನಾಲ್ಕೂ ಲೋಟಗಳಿಗೆ ಧಾರೆಧಾರೆಯಾಗಿ ಇಳಿಯಿತು. ನಾಲ್ವರೂ ಅಡುಗೆಮನೆಯ ಮೇಜಿನ ಸುತ್ತ ಕೂತರು. ರಿಚರ್ಡ್ಸ್ ಟೌನಿನ ಅಂಬ್ರೀನ್ ಒಂದು ಗುಟುಕು ಕುಡಿದಳು. ಹುಳಿ ಹತ್ತಿತೇನೋ ಎಂದು ಅಂಜನಮೂರ್ತಿ ಅವಳ ಮುಖವನ್ನೇ ನೋಡಿದ.

"ಮಾಷಾ ಅಲ್ಲಾ! ಏನ್ ಕಾಫಿ ದರ್ಶಿನಿ! ಹೊಸದರ ಥರಾನೇ ಇಟ್ಕೊಂಡಿದ್ದೀಯಲ್ಲೇ ಮಷೀನ್‌ನ!"

"ನಾನಲ್ಲಪ್ಪ," ಎಂದಳು ಪ್ರಿಯದರ್ಶಿನಿ. ಅವಳ ಮುಖ ಮದುವೆಯ ದಿನದ ಹಾಗೆ ಅರಳಿತ್ತು. "ಬೆಳಿಗ್ಗೆಯಿಂದ ಇವರೊಬ್ಬರೇ ಕೂತು ಕ್ಲೀನ್ ಮಾಡಿದ್ದಾರೆ."

"ಅರೆ ವ್ಹಾ! ನಮ್ಮನೆ ಸಾಹೇಬ್ರಿಗೆ ಅಡುಗೆಮನೆ ದಾರೀನೇ ಗೊತ್ತಿಲ್ಲ!" ಎಂದಳು ಅಂಬ್ರೀನ್.

ನಿಜ ಹೇಳಲು ಅದೇ ಸರಿಯಾದ ಗಳಿಗೆ. ಅಂಜನಮೂರ್ತಿಯ ಆತ್ಮಸಾಕ್ಷಿ ಎದ್ದು ಕುಳಿತಿತು. ಹೆಂಡತಿಯ ಅರಳಿದ ಮುಖ ನೋಡಿತು. ಮತ್ತೆ ಮಗ್ಗಲು ಬದಲಿಸಿ ಮಲಗಿತು. ಅವನು ಗಂಟಲು ಸರಿಮಾಡಿಕೊಂಡ.

"ನೋಡಿ, ಅಡುಗೆಮನೆಗೆ ಗಂಡಸು ಹೆಗಲು ಕೊಡಬೇಕು ಅನ್ನೋದು ನನ್ನ ಸಿದ್ಧಾಂತ. ಯಾರ ಸಹಾಯಾನೂ ಇಲ್ಲದೆ..."

"ಅಣ್ಣಾರ!" ಸಕ್ಕರೆ ಡಬ್ಬಿಯ ಬುಡದಿಂದ ಕಂಚಿನ ಕಂಠ ಮೊಳಗಿತು. "ಆ ಗಡಿಯಾರದ ಮ್ಯಾಲ ಇನ್ನಾ ಒಂದು ಹುಣಸಿ ನಾರು ಜೋತಾಡ್ಲಿಕತ್ತದ ನೋಡ್ರಿ!"

ಕರೆ ಕತ್ತರಿಸುವುದನ್ನು ಅವನು ಮರೆತಿದ್ದ. ಕಾಫಿ ಹೇಗೆ ಇಳಿಯುತ್ತದೋ ನೋಡೋಣವೆಂದು ಅವಳೂ ಕತ್ತರಿಸಿರಲಿಲ್ಲ. ಮೂರು ಹೆಂಗಸರ ಆರು ಕಣ್ಣುಗಳು ಗಡಿಯಾರದತ್ತ ತಿರುಗಿ, ಅಲ್ಲಿಂದ ನಿಧಾನವಾಗಿ ಅಂಜನಮೂರ್ತಿಯತ್ತ ಇಳಿದುಬಂದವು.

ಪ್ರಿಯದರ್ಶಿನಿ ಫೋನು ಎತ್ತಿಕೊಂಡಳು.

"ಜಟ್ಟೆಮ್ಮ! ಭಾನುವಾರಾನೂ ನಿನ್ನ ಕೈಲಿ ಕೆಲಸ ಮಾಡಿಸಿದ್ರಾ ಇವರು?"

"ಇಲ್ರಿ ಅಕ್ಕಾರ. ನಾ ಮಂಚದ ಮ್ಯಾಲ ಕುಂತು ಚಾ ಕುಡೀಲಿಕತ್ತೀನಿ. ಇವತ್ತ ಡ್ಯೂಟಿ ಅಣ್ಣಾರದು."

ನಗುವಿಗೆ ಮನೆಯೇ ಅಲುಗಿತು. ಎಲ್ಲರಿಗಿಂತ ಹೆಚ್ಚು ನಕ್ಕವಳು ಪ್ರಿಯದರ್ಶಿನಿ. ನಗುತ್ತಲೇ ಗಂಡನ ಕಿವಿಯ ಹಿಂದೆ ಅಂಟಿದ್ದ ಹುಣಸೆ ಸಿಪ್ಪೆಯನ್ನು ಸೆರಗಿನಿಂದ ಒರೆಸಿದಳು. ಅಂಜನಮೂರ್ತಿ ಎದ್ದು ಖಾಲಿ ಲೋಟಗಳನ್ನು ಒಂದೊಂದಾಗಿ ಎತ್ತಿಕೊಂಡ. ಚಪ್ಪಾಳೆ ಬಿತ್ತು.

"ಅಣ್ಣಾರ," ಎಂದಿತು ಫೋನು, "ನಿಮ್ಮ ಲೋಟ ಅಲ್ಲೇ ಬಿಟ್ರಿ ನೋಡ್ರಿ!"