ಕುಳ್ಳ ಕಮ್ಮಾರನ ಗಡ್ಡ ಮತ್ತು ನನ್ನ ವಯಸ್ಸು

ನಮ್ಮ ಮೊಮ್ಮಗನ ತಲೆಯಲ್ಲಿರುವಷ್ಟು ಇಸವಿಗಳು ಯಾವ ಕಚೇರಿಯ ಕಪಾಟಿನಲ್ಲೂ ಇರಲಿಕ್ಕಿಲ್ಲ. ತೊಂದರೆ ಒಂದೇ. ಅವುಗಳಲ್ಲಿ ಒಂದೂ ಈ ಭೂಮಿಯದ್ದಲ್ಲ! ತಾನು ಹತ್ತನೇ ತರಗತಿ ಪಾಸಾದ ವರ್ಷ ಕೇಳಿದರೆ ಫ್ಯಾನು ನೋಡುತ್ತಾನೆ. ಎಲ್ಲೂ ಹುಟ್ಟದ, ಎಲ್ಲೂ ಆಳದ ಒಬ್ಬ ರಾಜ ಯಾವಾಗ ಪಟ್ಟಕ್ಕೆ ಬಂದ ಎಂದು ಕೇಳಿ ನೋಡಿ. ವರ್ಷ, ತಿಂಗಳು, ಅವತ್ತು ಮಳೆ ಬಂದಿತ್ತೋ ಇಲ್ಲವೋ, ಎಲ್ಲ ಹೇಳುತ್ತಾನೆ. ನಿಮಗೆ ಸಾಕಾದರೂ ಅವನಿಗೆ ಸಾಕಾಗುವುದಿಲ್ಲ.

ಇದೆಲ್ಲ ಒಂದು ಆಟದ ಮಹಿಮೆ. ಕಂಪ್ಯೂಟರಿನಲ್ಲಿ ಆಡುವ ಆಟ. ಇವನು ಹೈಸ್ಕೂಲಿನಲ್ಲಿದ್ದಾಗ ಅದರ ಮೊದಲ ಕಂತು ಬಂತು. ಈಗ ಇವನಿಗೆ ಮೂವತ್ತಾಯಿತು, ಆಟಕ್ಕೆ ಏಳು ಕಂತಾಯಿತು. ಅದರಲ್ಲಿ ರಾಜರಿದ್ದಾರೆ, ಮಾಟಗಾತಿಯರಿದ್ದಾರೆ, ರೆಕ್ಕೆ ಬಂದ ಹಾವಿದೆ, ಕತ್ತಿ ಮಾಡಿಕೊಡುವ ಒಬ್ಬ ಕುಳ್ಳ ಕಮ್ಮಾರನಿದ್ದಾನೆ. ಊರ ಹುಡುಗರೆಲ್ಲ ಹಾವನ್ನು ಕೊಲ್ಲಲು ಆಡುತ್ತಾರೆ. ನಮ್ಮವನು ಹಾವಿನ ಜಾತಕ ಬರೆಯಲು ಆಡುತ್ತಾನೆ!

ಇಂಥವನ ಕೈಗೆ ನನ್ನ ಮರ್ಯಾದೆಯನ್ನು ಕೊಟ್ಟೆನಲ್ಲ, ನನ್ನ ಬುದ್ಧಿಗೆ ಏನು ಹೇಳಬೇಕು?

ವಿಷಯ ಇಷ್ಟು. ನನಗೊಬ್ಬಳು ಒಡಹುಟ್ಟಿದವಳಿದ್ದಾಳೆ. ನಮ್ಮ ತವರು ಹೊಳೆದಂಡೆಯ ಹಲವಾಗಲು. ನನ್ನನ್ನು ಕೊಟ್ಟೂರಿಗೆ ಕೊಟ್ಟರು, ಅವಳನ್ನು ಇಟ್ಟಿಗಿಗೆ. ಇಬ್ಬರ ಮದುವೆಯೂ ಒಂದೇ ಹಂದರದಲ್ಲಿ, ಒಂದೇ ದಿನ. ಚಿಕ್ಕವರಿದ್ದಾಗಿನಿಂದ ಒಬ್ಬರನ್ನೊಬ್ಬರು ಹೆಸರು ಹಿಡಿದೇ ಕೂಗಿದವರು. ನಮ್ಮಲ್ಲಿ ದೊಡ್ಡವಳು ಯಾರು ಎಂದು ಹೇಳಬಲ್ಲವರೆಲ್ಲ ಸತ್ತು ಮಣ್ಣಾದರು. ನಾನೇ ದೊಡ್ಡವಳು ಎನ್ನುತ್ತೇನೆ ನಾನು. ತಾನೇ ಎನ್ನುತ್ತಾಳೆ ಅವಳು. ನಮ್ಮ ತವರಿನಲ್ಲಿ ಒಂದು ಪದ್ಧತಿಯಿದೆ. ಆ ಮನೆಯಲ್ಲಿ ಹುಟ್ಟಿದ ಕೂಸನ್ನು ಮೊದಲು ತೊಟ್ಟಿಲಿಗೆ ಹಾಕುವವಳು ಆ ಮನೆಯ ಹೆಣ್ಣುಮಕ್ಕಳಲ್ಲಿ ಹಿರಿಯಳು. ಎರಡು ವರ್ಷದ ಹಿಂದೆ ನಾನು ಕಾಲು ತೊಳೆದುಕೊಂಡು ಒಳಗೆ ಬರುವಷ್ಟರಲ್ಲಿ ಅವಳು ಕೂಸನ್ನು ಹಾಕಿ, ತೊಟ್ಟಿಲು ತೂಗುತ್ತ ನಿಂತಿದ್ದಳು. ನಾನು ಉಣ್ಣದೆ ಎದ್ದು ಬಂದೆ. ಅಂದಿನಿಂದ ಮಾತಿಲ್ಲ. ಈಗ ತವರಿನಲ್ಲಿ ಮತ್ತೊಂದು ಕೂಸು ಹುಟ್ಟಿದೆ. ತಮ್ಮನ ಮಗ ಫೋನು ಮಾಡಿ, "ಅತ್ತೀ, ನಿಮ್ಮಿಬ್ಬರಾಗ ಯಾರು ಅಂತ ಮದ್ಲ ಬಗಿಹರಿಸ್ಕೊಂಡ್ ಬರ್ರಿ. ನಮ್ಮನಿಯಾಗ ಜಗಳಾ ಬ್ಯಾಡ" ಅಂದ.

ಬಗೆಹರಿಸಲು ನಮ್ಮ ಮನೆಯಲ್ಲೇ ಪಂಡಿತನಿದ್ದಾನಲ್ಲ! ಅವನ ಪಾಂಡಿತ್ಯ ಎಂಥದ್ದೆಂದು ಮೊದಲು ಕೇಳಿ.

ಆ ಆಟದ ಮೂರನೇ ಕಂತಿನಲ್ಲಿ ಕುಳ್ಳ ಕಮ್ಮಾರನ ಗಡ್ಡ ಬೆಳ್ಳಗಿದೆಯಂತೆ. ಐದನೆಯದರಲ್ಲಿ ಕರ‍್ರಗೆ. ಐದನೆಯದು ಮೂರನೆಯದಕ್ಕಿಂತ ನಲವತ್ತು ವರ್ಷ ಆಮೇಲಿನ ಕಥೆ. ಹೀಗೇಕೆ? ಈ ಪ್ರಶ್ನೆಯ ಮೇಲೆ ನಮ್ಮವನು ಬ್ರೆಜಿಲ್ ದೇಶದ ಯಾರೋ ಒಬ್ಬನ ಜೊತೆ ಏಳು ತಿಂಗಳು ಜಗಳವಾಡಿದ. ಆ ಬ್ರೆಜಿಲಿನವನು ಕಮ್ಮಾರರು ಇಬ್ಬರು, ಅಪ್ಪ ಮತ್ತು ಮಗ ಎನ್ನುತ್ತಾನೆ. ಇವನು ಒಬ್ಬನೇ ಎನ್ನುತ್ತಾನೆ. ಒಂದು ದಿನ ರೊಟ್ಟಿ ತಟ್ಟುತ್ತಿದ್ದವಳ ಹತ್ತಿರ ಬಂದು ತಲೆ ಹಿಡಿದುಕೊಂಡು ಕೂತ.

"ಅಜ್ಜೀ, ಬಿಳಿ ಗಡ್ಡ ಕರ‍್ರಗ ಹೆಂಗ ಆಗ್ತೈತಿ?"

"ಬಣ್ಣಾ ಹಚ್ಕೊಂಡಿರ್ಬೇಕು ಬಿಡಲೇ. ನಿಮ್ಮಪ್ಪ ಹಚ್ಕೊಳ್ಳಂಗಿಲ್ಲೇನು?"

ಅವನು ಎದ್ದು ಓಡಿದ. ನಾನಂದದ್ದನ್ನು ಹಾಗೇ ಬರೆದು ಕಳಿಸಿದನಂತೆ. ಲೋಕದ ಮೂಲೆಮೂಲೆಯಿಂದ ಜನ ಹೆಬ್ಬೆರಳು ಎತ್ತಿದರಂತೆ! ಬ್ರೆಜಿಲಿನವನು ಸುಮ್ಮನಾದನಂತೆ. ಏಳು ತಿಂಗಳ ಯುದ್ಧ ಒಂದು ರೊಟ್ಟಿ ಬೇಯುವಷ್ಟರಲ್ಲಿ ಮುಗಿಯಿತು. ನನಗೇನು ಸಿಕ್ಕಿತು? ಸುಟ್ಟ ರೊಟ್ಟಿ.

ಆ ಕಂಪನಿಯವರಿಗೂ ಕಾಗದ ಬರೆಯುತ್ತಾನೆ. ಎರಡನೇ ಕಂತಿನಲ್ಲಿ ಸುಟ್ಟುಹೋದ ಅರಮನೆಯ ಕಿಟಕಿಯಲ್ಲಿ ನಾಲ್ಕನೇ ಕಂತಿನಲ್ಲಿ ಒಬ್ಬ ದಾಸಿ ಬಟ್ಟೆ ಒಣಹಾಕುತ್ತಾಳೆ, ಇದಕ್ಕೇನು ಹೇಳುತ್ತೀರಿ ಎಂದು ಕೇಳಿದ್ದ. "ನಿಮ್ಮ ಪ್ರೀತಿಗೆ ಧನ್ಯವಾದ" ಎಂದು ಉತ್ತರ ಬಂತು. ಎರಡು ದಿನ ಮುಖ ಊದಿಸಿಕೊಂಡಿದ್ದ. "ಪ್ರೀತಿ ಯಾರ್ ಕೇಳಿದ್ರು? ನಾ ಕೇಳಿದ್ದು ಕಿಟಕಿ!" ಹೋಗಲಿ ಬಿಡು, ಆ ದಾಸಿಗೆ ಬಟ್ಟೆ ಒಣಗಿಸಲು ಬೇರೆ ಜಾಗ ಸಿಕ್ಕಿರಲಿಕ್ಕಿಲ್ಲ ಎಂದೆ. ಈ ಸಲ ಬರೆದುಕೊಳ್ಳಲಿಲ್ಲ.

ಇಷ್ಟನ್ನೂ ಬರೆದಿಡಲು ಜಾಗ ಬೇಕಲ್ಲ? ಗೋಡೆಯ ಕ್ಯಾಲೆಂಡರನ್ನು ಬಿಚ್ಚಿ, ಹಾಳೆ ತಿರುವಿ, ಬೆನ್ನಿನ ಕಡೆ ಗೆರೆ ಎಳೆದು ರಾಜರನ್ನು ಕೂರಿಸಿದ. ಗೋಡೆಯುದ್ದಕ್ಕೂ ಅಂಟಿಸಿಯೂ ಬಿಟ್ಟ. ಆ ತಿಂಗಳು ನಮ್ಮ ಸೊಸೆ, ಅಂದರೆ ಅವನವ್ವ, ಅಮಾವಾಸ್ಯೆ ಮುಗಿದ ಮಾರನೆಯ ದಿನ ಮನೆ ಸಾರಿಸಿ, ಹೋಳಿಗೆ ಮಾಡಿ, ಕಾಯಿ ಒಡೆಸಿದಳು! ಪಕ್ಕದ ಮನೆಯವಳು ಬಂದು ನಕ್ಕಾಗ ಗೊತ್ತಾಯಿತು.

"ನಿನ್ನಿ ಅಮಾಸಿ ಇತ್ತಲ್ಲೋ ಮೂಳಾ, ಹೇಳಾಕ ಬಾಯಿ ಬಿದ್ದಿತ್ತಾ?" ಎಂದು ಸೊಸೆ ಕೂಗಿದಳು.

"ಅವ್ವಾ, ಆ ಲೋಕದಾಗ ಎರಡು ಚಂದ್ರ ಅದಾವು. ನಿನ್ನ ಅಮಾಸಿ ಲೆಕ್ಕ ಅಲ್ಲಿ ನಡಿಯಂಗಿಲ್ಲ" ಅಂದ. ಸೌಟು ಎಸೆದಳು. ತಾಗಲಿಲ್ಲ. ಅದೊಂದೇ ನನಗೆ ಬೇಸರ.

ಹೊಟ್ಟೆಗೆ ಏನು ಮಾಡುತ್ತಾನೆ ಎಂದಿರಾ? ಬಸ್‌ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ. ಅರ್ಜಿ ತುಂಬಿಕೊಡುತ್ತಾನೆ. ನಮ್ಮ ವಯಸ್ಸಿನವರಿಗೆ ಹುಟ್ಟಿದ ದಿನ ಎಲ್ಲಿಂದ ಬರಬೇಕು? ಉಳಿದ ಅಂಗಡಿಯವರು ಜನವರಿ ಒಂದು ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ನಮ್ಮ ಕಡೆಯ ಮುದುಕರೆಲ್ಲ ಒಂದೇ ದಿನ ಹುಟ್ಟಿದವರು! ನನ್ನ ಆಧಾರ್ ಕಾರ್ಡನ್ನೇ ನೋಡಿ. ಬರೆದುಕೊಳ್ಳುವವನು ನಾಲ್ಕು ಜನರ ಮುಂದೆ ವಯಸ್ಸು ಕೇಳಿದ. ನಾನೇ ನಾಚಿಕೆಗೆ ಕಡಿಮೆ ಮಾಡಿ ಹೇಳಿದೆ. ಅದರ ಪ್ರಕಾರ ನಾನು ಎಂಟನೇ ವಯಸ್ಸಿಗೆ ಮಗನನ್ನು ಹೆತ್ತಿದ್ದೇನೆ.

ಆದರೆ ಮೊಮ್ಮಗನ ಅಂಗಡಿಯಲ್ಲಿ ಇಂಥದ್ದು ನಡೆಯುವುದಿಲ್ಲ. ಕೂಡ್ಲಿಗಿ ಕಡೆಯ ಒಬ್ಬ ಕುರಿ ಕಾಯುವ ಅಜ್ಜ ಬಂದಿದ್ದ. ನಾನು ಬುತ್ತಿ ಕೊಡಲು ಹೋದವಳು ಅಲ್ಲೇ ಇದ್ದೆ.

"ಯಜಮಾನ್ರ, ನೀವು ಹುಟ್ಟಿದಾಗ ಊರಾಗ ಏನಾರ ದೊಡ್ಡದು ನಡೆದಿತ್ತೇನ್ರಿ?"

"ನಮ್ಮವ್ವ ಹೇಳ್ತಿದ್ಲಪಾ. ನಾ ಹುಟ್ಟಿದ ದಿನ ನಮ್ಮ ಕರಿ ಟಗರು ಸತ್ತಿತ್ತಂತ."

"ಟಗರು ಸತ್ತಿದ್ದು ಯಾವ ವರ್ಷ?"

ಅಜ್ಜ ಕಂಬಳಿ ಕೊಡವಿ ಎದ್ದ. "ಟಗರಿಗೂ ಒಂದು ಕಾರ್ಡ್ ಮಾಡಿಸಿಡಬೇಕಾಗಿತ್ತು ತಮ್ಮಾ. ತಪ್ಪಾತು" ಅಂದವನೇ ಎದುರಿನ ಅಂಗಡಿಗೆ ಹೋಗಿ ಜನವರಿ ಒಂದಕ್ಕೆ ಹುಟ್ಟಿ, ಬಸ್ಸು ಹತ್ತಿದ.

ಇವನಿಗೆ ಹೆಣ್ಣು ಕೊಡುವವರು ಯಾರು? ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಒಳ್ಳೆಯ ಮನೆ ಒಪ್ಪಿತ್ತು. ಹುಡುಗಿ ಲಕ್ಷಣವಾಗಿದ್ದಳು. ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಂದವು. ಹುಡುಗಿಯ ಅಪ್ಪ, ಈ ಮನೆ ಕಟ್ಟಿ ಮೂವತ್ತು ವರ್ಷವಾಯಿತು ಎಂದು ಹೆಮ್ಮೆಯಿಂದ ಹೇಳಿದರು. ಆಮೇಲೆ ಹುಡುಗಿಯ ಹಣೆಯ ಮೇಲಿನ ಸಣ್ಣ ಕಲೆಯ ಮಾತು ಬಂತು. ಚಿಕ್ಕವಳಿದ್ದಾಗ ಇದೇ ಮನೆಯ ಪಾಯದ ಗುಂಡಿಗೆ ಬಿದ್ದಿದ್ದಳು ಎಂದರು. ನಮ್ಮವನು ಮಿರ್ಚಿ ಕೆಳಗಿಟ್ಟ. 

"ಹುಡುಗಿಗೆ ಇಪ್ಪತ್ತಾರು ಅಂದ್ರಿ. ಮನಿಗೆ ಮೂವತ್ತು ಅಂದ್ರಿ. ಹುಟ್ಟೋಕಿಂತ ಮದ್ಲ ಹೆಂಗ ಬಿದ್ರು?"

ಮಂಡಕ್ಕಿ ಅಗಿಯುವ ಸದ್ದೂ ನಿಂತಿತು. ಮನೆಯ ವಯಸ್ಸು ಹೆಚ್ಚು ಮಾಡಿದ್ದರೋ, ಮಗಳದ್ದು ಕಡಿಮೆ ಮಾಡಿದ್ದರೋ, ಆ ದೇವರೇ ಬಲ್ಲ. ಸಂಬಂಧ ಅಲ್ಲಿಗೆ ಮುರಿಯಿತು. ಬರುವಾಗ ಬಸ್ಸಿನಲ್ಲಿ ಕೇಳಿದೆ. "ಲೇ, ಹೆಣ್ಣ ನೋಡಾಕ ಹೋಗಿದ್ಯೋ, ಕಳ್ಳರನ್ನ ಹಿಡಿಯಾಕ ಹೋಗಿದ್ಯೋ?"

"ತಪ್ಪು ಕಂಡಮ್ಯಾಲ ಹೆಂಗ ಸುಮ್ನಿರ್ಲಿ ಅಜ್ಜೀ? ನನ್ ಕೈಲಿ ಆಗಂಗಿಲ್ಲ" ಅಂದ. ನಿಜವಾಗಿಯೂ ಆಗುವುದಿಲ್ಲ. ಎದುರಿಗೆ ನಿಂತದ್ದು ಮದುವೆಯೇ ಆಗಿರಲಿ, ಅವನ ಬಾಯಿಂದ ಒಂದು ತಪ್ಪು ಇಸವಿಗೆ ಹೂಂ ಎನಿಸಲು ಆಗುವುದಿಲ್ಲ.

ಅದಕ್ಕೇ ಅವನನ್ನು ನೆಚ್ಚಿದೆ. ಇಟ್ಟಿಗಿಯವಳನ್ನು ಇವನು ಬಿಡುವುದಿಲ್ಲ, ಅವಳ ಸುಳ್ಳನ್ನು ಹಿಡಿದೇ ಹಿಡಿಯುತ್ತಾನೆ ಎಂದು. ಇವನೂ ಹಿಗ್ಗಿದ. "ಅಜ್ಜೀ, ನೀವಿಬ್ಬರೂ ಒಂದ ಕಥಿ ಹೇಳೋ ಎರಡು ಕಂತು ಇದ್ದಂಗ. ಎರಡೂ ಕೂಡಿಸಿ ನೋಡಿದ್ರ ಸತ್ಯ ಬೀಳ್ತೈತಿ" ಎಂದು ಮತ್ತೆ ಗೋಡೆಯ ಕ್ಯಾಲೆಂಡರಿಗೆ ಕೈ ಹಾಕಿದ. ಈ ಸಲ ಸೊಸೆ ಹೋದ ವರ್ಷದ್ದನ್ನು ಕೊಟ್ಟಳು. ಬಸ್ಸು ಹತ್ತಿ ಇಟ್ಟಿಗಿಗೆ ಹೋದ. ಹಲವಾಗಲಿಗೂ ಹೋಗಿ ಮುದುಕರನ್ನೆಲ್ಲ ಮಾತಾಡಿಸಿ ಬಂದ. ಮೂರು ದಿನ ಅಂಗಡಿ ಮುಚ್ಚಿತ್ತು. ಬಂದವನು ತಮ್ಮನ ಮಗನಿಗೆ ನನ್ನ ಮುಂದೆಯೇ ಫೋನು ಮಾಡಿ ಹೇಳಿದ.

"ಮಾವಾ, ಗೊತ್ತಾಗ್ಲಿಲ್ಲ. ಸಾಕ್ಷಿ ಸಾಲವು. ನೀವ ಏನಾರ ಮಾಡ್ಕೊಳ್ರಿ."

ನನಗೆ ತಲೆಗೇರಿತು. "ಏನಲೇ! ಆ ಕಮ್ಮಾರನ ಗಡ್ಡಕ್ಕ ಏಳು ತಿಂಗಳು ಬಡಿದಾಡ್ದಿ. ಸ್ವಂತ ಅಜ್ಜಿ ವಯಸ್ಸಿಗೆ ಮೂರ ದಿನಕ್ಕ ಕೈ ಎತ್ತಿದ್ಯಾ? ಆಕಿ ಏನು ತಿನ್ನಿಸಿ ಕಳ್ಸ್ಯಾಳ? ಕರಜಿಕಾಯಿನಾ?"

ಅವನು ಸೊಸೆ ಹಿತ್ತಲಿಗೆ ಹೋಗುವವರೆಗೆ ಕಾಯ್ದ. ಆಮೇಲೆ ಹತ್ತಿರ ಬಂದು ಕೂತ. "ಅಜ್ಜೀ, ಹೊಳಿ ಬಂದ ದಿನದ್ದು ಇನ್ನೊಮ್ಮೆ ಹೇಳು."

ಅದು ನನ್ನ ಗಟ್ಟಿ ಸಾಕ್ಷಿ. ಹೇಳಿದೆ. ನಾವು ತೀರಾ ಚಿಕ್ಕವರಿದ್ದಾಗ ಹೊಳೆ ಊರೊಳಗೆ ಬಂತು. ಅವ್ವ ತಮ್ಮನನ್ನು ಬಗಲಲ್ಲಿ, ಹಿಟ್ಟಿನ ಗಡಿಗೆಯನ್ನು ತಲೆಯ ಮೇಲೆ ಇಟ್ಟುಕೊಂಡು ಮುಂದೆ ನಡೆದಳು. ನಾನು ಇವಳನ್ನು ಬೆನ್ನ ಮೇಲೆ ಹೊತ್ತು ನೀರಿನಲ್ಲಿ ನಡೆದೆ. ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವಳ ಜಡೆ ನೆಂದು ನನ್ನ ಬಾಯಿಗೆ ಬರುತ್ತಿತ್ತು. ಅವಳ ಕುತ್ತಿಗೆಯ ಹಿಂದೆ ಕಜ್ಜಿ ಮಾಯ್ದ ಒಂದು ಬಿಳಿ ಕಲೆ. ನೀರು ನೋಡಿದರೆ ಹೆದರಿಕೆ ಎಂದು ದಾರಿಯುದ್ದಕ್ಕೂ ಅದನ್ನೇ ನೋಡುತ್ತಿದ್ದೆ.

ಅವನು ಕ್ಯಾಲೆಂಡರಿನ ಹಾಳೆ ಬಿಚ್ಚಿದ.

"ಅಜ್ಜೀ, ಬೆನ್ನ ಮ್ಯಾಲ ಇದ್ದಾಕಿ ಕುತ್ತಿಗಿ ಹಿಂದಿನ ಕಲಿ, ಹೊತ್ತಾಕಿಗೆ ಹೆಂಗ ಕಾಣ್ತೈತಿ?"

ಆಟದಲ್ಲಿ ಎಷ್ಟು ರಾಣಿಯರ ಕಥೆಯನ್ನು ಹೀಗೆ ಹಿಡಿದು ಹಾಕಿದ್ದನೋ!   ನಾನು ಸುಳ್ಳು ಹೇಳುತ್ತಿರಲಿಲ್ಲ, ನಂಬಿ. ಅರವತ್ತೆಪ್ಪತ್ತು ವರ್ಷ ಹೇಳಿ ಹೇಳಿ, ಹೊತ್ತವಳು ನಾನೇ ಆಗಿಬಿಟ್ಟಿದ್ದೆ.

"ಆಕಿ ಏನಂದ್ಲು?" ಎಂದು ಕೇಳಿದೆ.

"ಇಟ್ಟಿಗಿ ಅಜ್ಜಿಗೆ ಏನೂ ಕಂಡಿದ್ದು ನೆನಪಿಲ್ಲ. ನೀ ಭಾಳ ಭಾರ ಇದ್ದಿ ಅನ್ನೋದಷ್ಟ ನೆನಪೈತಿ. ಜಾರಿ ಬಿದ್ರ ನಿನ್ನ ಹೊಳಿ ಒಯ್ತೈತಿ ಅಂತ ಉಸಿರು ಹಿಡ್ಕಂಡು ನಡೆದ್ರಂತ." ಕ್ಯಾಲೆಂಡರಿನ ಹಾಳೆಯನ್ನು ಮಡಿಚಿ ನನ್ನ ಕೈಗಿಟ್ಟ. ನಮ್ಮಿಬ್ಬರ ಹೆಸರಿನ ಮುಂದೆ ಜಾಗ ಖಾಲಿ ಬಿಟ್ಟಿದ್ದ. "ನಾ ಯಾರಿಗೂ ಹೇಳಿಲ್ಲ. ಹೇಳಂಗೂ ಇಲ್ಲ. ನೀ ದೊಡ್ಡಾಕಿ ಆಗಬೇಕಂದ್ರ ಆಗು."

ತಪ್ಪು ಕಂಡರೆ ಸುಮ್ಮನಿರಲು ಆಗದವನು, ನನಗಾಗಿ ಸುಮ್ಮನಿದ್ದ. ಅವನ ಕೆನ್ನೆಗೆ ಎರಡು ಬಿಗಿಯಬೇಕು ಅನ್ನಿಸಿತು. ಎದ್ದು ಹೋಗಿ ಚಹಾ ಕಾಸಿಕೊಟ್ಟೆ.

ತೊಟ್ಟಿಲ ದಿನ ಹಲವಾಗಲಿನ ಪಡಸಾಲೆ ಜನರಿಂದ ತುಂಬಿತ್ತು. ಇಟ್ಟಿಗಿಯವಳು ಗೋಡೆಗೆ ಮುಖ ಮಾಡಿ ಒಂದು ಕಂಬಕ್ಕೆ ಒರಗಿ ಕೂತಿದ್ದಳು. ನಾನು ಇನ್ನೊಂದಕ್ಕೆ. ಮೊಮ್ಮಗ ನೆಲ ನೋಡುತ್ತಿದ್ದ. ಈ ಸಲ ನಾನು ಮೊದಲೇ ಬಂದಿದ್ದೆ. ಕೂಸನ್ನು ತಂದು ನನ್ನ ಕೈಗೇ ಕೊಟ್ಟರು. ತೊಟ್ಟಿಲು ಒಂದು ಮಾರು ದೂರದಲ್ಲಿತ್ತು. ನಾನು ಎದ್ದೆ. ತೊಟ್ಟಿಲನ್ನು ದಾಟಿ ಹೋಗಿ ಅವಳ ಮುಂದೆ ಕುಕ್ಕರಿಸಿದೆ. ಈ ಜನ್ಮದಲ್ಲಿ ಒಮ್ಮೆಯೂ ಕರೆಯದ ಹಾಗೆ ಅವಳನ್ನು ಕರೆದೆ. 

"ತಗೋ ಅಕ್ಕಾ. ನೀನ ಹಾಕು."

ಅವಳು ಕತ್ತು ತಿರುಗಿಸಿದಳು. ಮೊದಲು ನನ್ನನ್ನು, ಆಮೇಲೆ ಕೂಸನ್ನು ನೋಡಿದಳು. ಎರಡು ವರ್ಷದ ನಂತರ ಆಡಿದ ಮೊದಲ ಮಾತಿಗೆ ಸಿಹಿ ಇರುತ್ತದೆ ಎಂದುಕೊಂಡಿರಾ?

"ಕುತ್ತಿಗಿ ಗಟ್ಟಿ ಹಿಡಿಲೇ ಹುಚ್ಚಿ! ಜೋತು ಬಿದ್ದೈತಿ ನೋಡು. ಇಷ್ಟು ವಯಸ್ಸಾತು, ಕೂಸು ಹಿಡಿಯಾಕ ಬರಂಗಿಲ್ಲ ನಿನಗ" ಅಂದಳು. ಅನ್ನುತ್ತಲೇ ಕಣ್ಣು ಒರೆಸಿಕೊಂಡಳು.

ತಂಗಿಯರು ಎದುರು ಮಾತಾಡಬಾರದು. ನಾನು ಬಾಯಿ ಮುಚ್ಚಿಕೊಂಡು ಕೂಸಿನ ಕುತ್ತಿಗೆಗೆ ಕೈ ಕೊಟ್ಟೆ.