ಹಗ್ಗಪ್ಪ ಕಂಬ ಹತ್ತಿದ್ದು

ಹಾಯಿದೋಣಿ ಕ್ಲಬ್ಬಿನ ಸದಸ್ಯರಿಗೆಲ್ಲ ಒಂದೇ ಕಾಯಿಲೆ. ಬೇರೆಯವರು ಕಟ್ಟಿದ ಹಗ್ಗ ಕಂಡರೆ ಬಿಚ್ಚದೆ ಇರಲಾರರು. ಬಿಚ್ಚಿ, “ಹೀಗಲ್ಲ ಕಟ್ಟೋದು” ಎಂದು ತಮ್ಮದೇ ರೀತಿಯಲ್ಲಿ ಮತ್ತೆ ಕಟ್ಟದಿದ್ದರೆ ಅವರಿಗೆ ತಿಂದದ್ದು ಅರಗುವುದಿಲ್ಲ. ವರ್ಷಕ್ಕೆ ನಾಲ್ಕು ಸಲ ನೀರಿಗಿಳಿಯುವ ಈ ಮಹಾಶಯರು ಬಾಕಿ ದಿನಗಳಲ್ಲಿ ಮಾಡುವ ನಾವಿಕವೃತ್ತಿ ಇದೊಂದೇ.

ಅವರು ಕೆಡಿಸಿದ್ದನ್ನು ಸರಿಪಡಿಸುವ ಕೆಲಸ ಹಗ್ಗಪ್ಪನದು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇತ್ತು. ಹನ್ನೊಂದು ವರ್ಷ ಕ್ಲಬ್ಬಿನ ದೋಣಿ ಕಾಯುವಷ್ಟರಲ್ಲಿ ಅದು ಸವೆದುಹೋಗಿತ್ತು. ಆ ಹನ್ನೊಂದು ವರ್ಷವೂ ಅವನು ಮಾವನ ಮನೆಯಲ್ಲೇ ಇದ್ದ. ಮಾವನೆಂದರೆ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಒಂದೇ ಕುರ್ಚಿಯಲ್ಲಿ ಕೂತು, ಆ ಕುರ್ಚಿಯ ಕಾಲು ಮುರಿದ ಮೇಲೆ ನಿವೃತ್ತನಾದ ಮನುಷ್ಯ. ಅಳಿಯ ಸ್ನಾನಕ್ಕೆ ಹೋದರೆ ಹೊರಗೆ ಗಡಿಯಾರ ಹಿಡಿದು ನಿಲ್ಲುತ್ತಿದ್ದ.

ಈಗ ಬಿಡುಗಡೆಯ ಕಾಲ ಬಂದಿತ್ತು. ಬಂದರಿನ ತನಿಖಾಧಿಕಾರಿ ಅಂದು ಹತ್ತು ಗಂಟೆಗೆ ದೋಣಿ ನೋಡಲು ಬರುವವರಿದ್ದರು. ದೋಣಿ ಪಾಸಾದರೆ ಹಗ್ಗಪ್ಪನೇ ‘ಡೆಕ್ ಸುರಕ್ಷತಾಧಿಕಾರಿ’ ಎಂದು ಕ್ಲಬ್ಬಿನ ಸೆಕ್ರೆಟರಿ ಮಾತು ಕೊಟ್ಟಿದ್ದ. ಆ ಹುದ್ದೆಗೆ ದೋಣಿಮನೆಯ ಮೇಲಿನ ಕೋಣೆಯೂ ಸೇರಿತ್ತು. ಹೆಂಡತಿ ಆಗಲೇ ಅದರ ಕಿಟಕಿ ಅಳೆದು ಪರದೆ ಹೊಲಿದಿಟ್ಟಿದ್ದಳು.

ಬೆಳಗ್ಗೆ ಹಗ್ಗಪ್ಪ ಡೆಕ್ಕನ್ನು ತಿಕ್ಕಿ ತೊಳೆದ. ಕಾಲಿಗೆ ತೊಡರುವ ಹಗ್ಗಗಳನ್ನೆಲ್ಲ ಸುರುಳಿ ಸುತ್ತಿಟ್ಟ. ಕಂಬದ ತುದಿಗೆ ಬಾವುಟ ಏರಿಸಿ, ಅದರ ಹಗ್ಗವನ್ನು ಬುಡದಲ್ಲಿದ್ದ ಕ್ಲೀಟಿಗೆ, ಅಂದರೆ ಹಗ್ಗ ಸುತ್ತುವ ಆ ಎರಡು ಕೊಂಬಿನ ಕಬ್ಬಿಣಕ್ಕೆ, ಬಿಗಿದ. ಬಾವುಟ ಹಾರದ ದೋಣಿಗೆ ತನಿಖಾಧಿಕಾರಿ ಕಾಲೇ ಇಡುವುದಿಲ್ಲವೆಂದು ಇಡೀ ಬಂದರಿಗೆ ಗೊತ್ತಿತ್ತು.

ಒಂಬತ್ತೂವರೆಗೆ ಮಾವ ಬಂದ. “ಕೋಣೆ ಹೆಂಗಿದೆ ನೋಡೋಣ ಅಂತ ಬಂದೆ ಅಳಿಯಂದ್ರೇ” ಎಂದು ಕಂಡ ಲೈಫ್ ಜಾಕೆಟ್ ಒಂದನ್ನು ಹಾಕಿಕೊಂಡು, ದೋಣಿಯ ಹಿಂಭಾಗದಲ್ಲಿ ಕೂತು, ಪಕ್ಕದ ಕಂಬಿ ಹಿಡಿದುಕೊಂಡ. ಹಿಂದೆಯೇ ಸೆಕ್ರೆಟರಿ, ಕ್ಲಬ್ಬಿನ ಸದಸ್ಯರಾದ ಹಲ್ಲಿನ ಡಾಕ್ಟರು ಇಬ್ಬರೂ ಹತ್ತಿದರು.

ಸೆಕ್ರೆಟರಿಯ ಕಣ್ಣು ನೆಟ್ಟಗೆ ಕ್ಲೀಟಿಗೆ ಬಿತ್ತು. “ಏನಯ್ಯಾ ಇದು, ದನ ಕಟ್ಟಿದ ಹಂಗೆ?”

“ಸಾರ್, ಮುಟ್ಟಬೇಡಿ, ಸರಿಯಾಗೇ…”

ಅಷ್ಟರಲ್ಲಿ ಬಿಚ್ಚಿಯಾಗಿತ್ತು. ಹಗ್ಗ ಕೈಜಾರಿ ಸೊರ್ರನೆ ಮೇಲಕ್ಕೋಡಿ, ಅದರ ತುದಿಯ ಗಂಟು ಕಂಬದ ನೆತ್ತಿಯ ರಾಟೆಗೆ ಸಿಕ್ಕಿಕೊಂಡಿತು. ಬಾವುಟ ದೊಪ್ಪನೆ ಬಂದು ಡಾಕ್ಟರ ತಲೆಯ ಮೇಲೆ ಬಿತ್ತು. ಮದುಮಗಳ ಹಾಗೆ ಮುಸುಕಿನೊಳಗಿಂದಲೇ ಡಾಕ್ಟರು ಕೂಗಿದರು: “ಯಾರ್ರೀ ಕರೆಂಟ್ ತೆಗೆದಿದ್ದು?”

ಗಂಟೆ ಹತ್ತಕ್ಕೆ ಇನ್ನು ಹದಿನೈದು ನಿಮಿಷ. ಕಂಬವೋ ಆರಾಳೆತ್ತರ. ಹತ್ತುವವರು ಯಾರು? ಕೆಡಿಸಿದವನ ಮುಖವನ್ನು ಯಾರೂ ನೋಡಲಿಲ್ಲ. ಮೂವರೂ ಹಗ್ಗಪ್ಪನನ್ನೇ ನೋಡಿದರು.

ಅವನು ಸುರಕ್ಷತಾ ಬೆಲ್ಟು ಕಟ್ಟಿಕೊಂಡು, ಹಾಯಿ ಏರಿಸುವ ದಪ್ಪ ಹಗ್ಗವನ್ನು ಅದಕ್ಕೆ ಸಿಕ್ಕಿಸಿಕೊಂಡ. ಕೆಳಗಿನಿಂದ ಇಬ್ಬರು ದೊಡ್ಡ ಮನುಷ್ಯರು ಏದುಸಿರು ಬಿಡುತ್ತ ಎಳೆದರು. ಬಾವಿಯಿಂದ ಕೊಡ ಬಂದ ಹಾಗೆ ಹಗ್ಗಪ್ಪ ತಿರುಗುತ್ತ, ಕಂಬಕ್ಕೆ ಡಿಕ್ಕಿ ಹೊಡೆಯುತ್ತ ಮೇಲೇರಿದ. ರಾಟೆಯಿಂದ ಗಂಟು ಬಿಡಿಸಿ ಬಾವುಟದ ಹಗ್ಗವನ್ನು ಕೆಳಕ್ಕೆ ಎಳೆದು ಬಿಟ್ಟ. ಡಾಕ್ಟರು ಅದರ ತುದಿ ಜಗ್ಗಿ ಕ್ಲೀಟಿಗೆ ಕಟ್ಟಿದರು, ಬಾವುಟ ಮತ್ತೆ ಏರಿತು. ಅಲ್ಲಿಂದ ದೋಣಿಮನೆಯ ಕೋಣೆಯ ಕಿಟಕಿ ಚೆನ್ನಾಗಿ ಕಾಣುತ್ತಿತ್ತು. ಹಗ್ಗಪ್ಪನಿಗೆ ಅಲ್ಲೇ ನಗು ಬಂತು.

“ಆಯ್ತು ಸಾರ್, ಇಳಿಸಿ!”

ಇಳಿಸುವುದೆಲ್ಲಿ ಬಂತು? ಸೆಕ್ರೆಟರಿ ಅವನ ಹಗ್ಗವನ್ನು ಇನ್ನೊಂದು ಕ್ಲೀಟಿಗೆ ಸುತ್ತಿ ಬೆವರು ಒರೆಸಿಕೊಳ್ಳುತ್ತಿದ್ದ. ಡಾಕ್ಟರು ಬಗ್ಗಿ ನೋಡಿ ಮುಖ ಕಿವುಚಿದರು.

“ಇದೇನ್ರೀ ಸುತ್ತಿರೋದು? ಎಂಟರ ಆಕಾರ ಬರಬೇಕು.”

“ನನಗೆ ಹೇಳ್ಕೊಡ್ತೀರಾ? ನೀವು ಹಲ್ಲು ಕೀಳಿ, ಸಾಕು.”

“ಬಿಡಿ, ತೋರಿಸ್ತೀನಿ.”

ಬಿಚ್ಚಿದರು. ಹಗ್ಗಪ್ಪ ಒಂದಾಳುದ್ದ ಕೆಳಕ್ಕೆ ಕುಸಿದು ಗಕ್ಕನೆ ನಿಂತ.

“ಅಯ್ಯೋ! ಸಾರ್, ನಾನಿದ್ದೀನಿ ಇದರಲ್ಲಿ!”

“ಗೊತ್ತಿದೆ ಸುಮ್ನಿರಯ್ಯಾ, ನಿನ್ನ ಒಳ್ಳೇದಕ್ಕೇ ಮಾಡ್ತಿರೋದು” ಎಂದ ಸೆಕ್ರೆಟರಿ, ಡಾಕ್ಟರ ಗಂಟನ್ನು ಬಿಚ್ಚಿದ. ಹಗ್ಗಪ್ಪ ಇನ್ನೊಂದಾಳು ಕುಸಿದ. ಹೀಗೇ ಇನ್ನೆರಡು ಸಲ ಜಗಳವಾಡಿದ್ದರೆ ಸೀದಾ ಡೆಕ್ಕಿಗೇ ಬಂದಿಳಿಯುತ್ತಿದ್ದ. ಅವನ ಹಣೆಯಲ್ಲಿ ಅದೂ ಬರೆದಿರಲಿಲ್ಲ. ಸರಿಯಾಗಿ ಆಗ ತನಿಖಾಧಿಕಾರಿ ಬಂದರು.

ಇಸ್ತ್ರಿ ಬಟ್ಟೆ, ಕಂಕುಳಲ್ಲಿ ಫೈಲು. ಅವರು ಬಾವುಟ ನೋಡಿ ತಲೆಯಾಡಿಸಿದರು. ನೇತಾಡುವ ಮನುಷ್ಯನನ್ನು ನೋಡಿ, ದೋಣಿಗಳಲ್ಲಿ ಅದು ಇರತಕ್ಕದ್ದೇ ಎಂಬಂತೆ ಸುಮ್ಮನಾದರು. ಕ್ಲೀಟು ನೋಡಿದ ಕೂಡಲೇ ಅವರ ಮುಖ ಕೆಂಪಾಯಿತು.

“ಇದನ್ನ ಕಟ್ಟಿದವರು ಯಾರು?”

“ಇವರು” ಎಂದರು ಇಬ್ಬರೂ, ಒಬ್ಬರನ್ನೊಬ್ಬರು ತೋರಿಸಿ.

“ಸರ್ಕಾರಿ ಕ್ರಮ ಅಂತ ಒಂದಿದೆ. ಪಕ್ಕಕ್ಕೆ ಸರೀರಿ.”

“ಸಾರ್! ನೀವಾದ್ರೂ ಬಿಚ್ಚಬೇಡಿ ಸಾರ್!”

“ಮೇಲಿರೋರು ಮಾತಾಡಬೇಡಿ, ನಮ್ಮ ಗಮನ ಹೋಗುತ್ತೆ.”

ತನಿಖಾಧಿಕಾರಿ ಬಿಚ್ಚಿದರು. ಹಗ್ಗಪ್ಪ ಅರ್ಧಾಳು ಜಾರಿದ. ಅವರು ಎಂಟರ ಆಕಾರದಲ್ಲಿ ನಾಲ್ಕು ಸುತ್ತು ಹಾಕಿ, ಅದರ ಮೇಲೊಂದು ಕುಣಿಕೆ, ಕುಣಿಕೆಯ ಮೇಲಿನ್ನೊಂದು ಕುಣಿಕೆ ಹಾಕಿ ಜಗ್ಗಿದರು. ಮೇಲಿನ ಭಾರಕ್ಕೆ ಗಂಟು ಕಲ್ಲಾಯಿತು. “ನೋಡಿ, ಇದು ಗಂಟು!” ಎಂದು ಅಲ್ಲೇ ಫೈಲು ತೆರೆದು, ತಾವು ಕಟ್ಟಿದ್ದಕ್ಕೆ ತಾವೇ ಪೂರ್ತಿ ಅಂಕ ಕೊಟ್ಟು, ದೋಣಿ ಪಾಸೆಂದು ಮೊಹರು ಒತ್ತಿದರು. ಸೆಕ್ರೆಟರಿ ಚಪ್ಪಾಳೆ ತಟ್ಟಿದ. ಮೇಲೆ ನೇತಾಡುತ್ತಲೇ ಹಗ್ಗಪ್ಪನೂ ತಟ್ಟಿದ.

ಆಮೇಲೆ ಬಿಚ್ಚಲು ಹೋದರೆ ಬರಲಿಲ್ಲ. ಸೆಕ್ರೆಟರಿಯ ಉಗುರು ಮುರಿಯಿತು. ಡಾಕ್ಟರು ಚೀಲದಿಂದ ಇಕ್ಕಳ ತೆಗೆದು, ಕ್ಲೀಟಿನ ಮೇಲೆ ಮೊಣಕಾಲೂರಿ, ದವಡೆ ಹಲ್ಲಿನಂತೆ ಅಲ್ಲಾಡಿಸಿದರು. “ಸ್ವಲ್ಪ ನೋವಾಗುತ್ತೆ” ಎಂದು ಅಭ್ಯಾಸಬಲದಿಂದ ಮಾತು ಬಂತೇ ಹೊರತು ಗಂಟು ಬರಲಿಲ್ಲ.

“ಭಾರ ತೆಗೆದ್ರೆ ಬಿಚ್ಚುತ್ತೆ” ಎಂದರು ತನಿಖಾಧಿಕಾರಿ. “ರೀ, ಮೇಲಿರೋರೇ! ಕಂಬ ತಬ್ಬಿಕೊಂಡು ಬೆಲ್ಟು ಬಿಚ್ಚಿ, ಜಾರಿ ಬಂದ್ಬಿಡಿ.”

ಹಗ್ಗಪ್ಪ ಕಣ್ಣು ಮುಚ್ಚಿ ಕಂಬ ತಬ್ಬಿದ, ಬೆಲ್ಟಿನ ಕೊಕ್ಕೆ ತೆಗೆದ, ಅಂಗಿ ಹರಿದುಕೊಂಡು, ಎದೆ ತರಚಿಕೊಂಡು ಜಾರಿ ಬಂದು ಡೆಕ್ಕಿನ ಮೇಲೆ ಕುಕ್ಕರಿಸಿದ.

ಸೆಕ್ರೆಟರಿ ಗಂಟಲು ಸರಿಮಾಡಿಕೊಂಡ. “ಸಾರ್, ಇವನೇ ನಮ್ಮ ಹೊಸ ಡೆಕ್ ಸುರಕ್ಷತಾಧಿಕಾರಿ. ತಾವೊಂದು ಸಹಿ ಹಾಕಿದ್ರೆ…”

“ಇವರಾ?” ತನಿಖಾಧಿಕಾರಿ ಹೌಹಾರಿದರು. “ಎತ್ತರದಲ್ಲಿ ಬೆಲ್ಟು ಬಿಚ್ಚಿದ ಮನುಷ್ಯ! ನಿಯಮದಲ್ಲಿ ಮೊದಲನೇ ಸಾಲೇ ಅದು. ಆಗಲ್ಲ.”

“ನೀವೇ ಬಿಚ್ಚು ಅಂದ್ರಲ್ಲ ಸಾರ್!” ಎಂದು ಕೂತಲ್ಲಿಂದಲೇ ಕಿರುಚಿದ ಹಗ್ಗಪ್ಪ.

“ಆಗ ಮನುಷ್ಯನಾಗಿ ಹೇಳ್ದೆ. ಈಗ ಅಧಿಕಾರಿಯಾಗಿ ಬರೀತಿದ್ದೀನಿ.”

ಬರೆದರು. ಬರೆದು ತಲೆಯೆತ್ತಿದಾಗ ಅವರ ನೋಟ ದೋಣಿಯ ಹಿಂಭಾಗಕ್ಕೆ ಹೋಗಿ ನಿಂತಿತು. “ಅವರ್ಯಾರು? ಬಂದಾಗಿನಿಂದ ನೋಡ್ತಿದ್ದೀನಿ. ಮೈಮೇಲೆ ಲೈಫ್ ಜಾಕೆಟ್ ಇದೆ. ಕೈ ಕಂಬಿ ಮೇಲಿದೆ. ಇಡೀ ದೋಣೀಲಿ ಒಂದು ಹಗ್ಗಾನೂ ಮುಟ್ಟದ ಮನುಷ್ಯ ಅವರೊಬ್ಬರೇ.”

“ಅವರು ನಿದ್ದೆ ಮಾಡ್ತಿದ್ದಾರೆ ಸಾರ್!” ಎಂದ ಹಗ್ಗಪ್ಪ.

“ನಿದ್ದೇಲೂ ಕಂಬಿ ಬಿಟ್ಟಿಲ್ಲ ನೋಡಿ! ಅಂಥವರು ಬೇಕು.”

ಎಬ್ಬಿಸಿದರು. ಮಾವ ಕಣ್ಣುಜ್ಜಿಕೊಂಡು, ಏನು ಎತ್ತ ಎಂದೂ ಕೇಳದೆ, ತೋರಿಸಿದ ಕಡೆ ಸಹಿ ಹಾಕಿ ಕೋಣೆಯ ಬೀಗದ ಕೈ ಇಸಿದುಕೊಂಡ.

ಸಂಜೆ ಹಗ್ಗಪ್ಪ ತಲೆಯ ಮೇಲೆ ಮಾವನ ಹಾಸಿಗೆ ಹೊತ್ತು ದೋಣಿಮನೆಯ ಮೆಟ್ಟಿಲು ಹತ್ತಿದ. ಹೆಂಡತಿ ಪರದೆ ತೂಗುಹಾಕುತ್ತಿದ್ದಳು. ಅವಳಿಗೇನು, ಕಿಟಕಿ ಅಳತೆಗೆ ಸರಿಯಾಗಿತ್ತು.

“ಹೆದರಬೇಡಿ ಅಳಿಯಂದ್ರೇ” ಎಂದ ಮಾವ, ಕೋಣೆಯಲ್ಲಿದ್ದ ಒಂದೇ ಮಂಚದ ಮೇಲೆ ಕಾಲು ಚಾಚುತ್ತ. “ನಿಮ್ಮನ್ನ ಬೀದೀಲಿ ಬಿಡ್ತೀನಾ? ಆ ಬಾಗಿಲ ಹತ್ರ ಮಲಕ್ಕೊಳ್ಳಿ. ಹೊರಳಾಡಬೇಡಿ ಮಾತ್ರ, ಕಾಲಿಗೆ ಸಿಗಬಾರದು. ಇದು ಮಾವನ ಮಾತು ಅಂದ್ಕೋಬೇಡಿ, ಸುರಕ್ಷತಾ ನಿಯಮ.”