ಪೆಟ್ರೋಲ್ ಮುಳ್ಳನ್ನು ನಂಬಿ ಕೆಟ್ಟವನ ಕೋರಿಕೆ

ಇಂದ:
ಲುವ್ಸಾನ್, ಚಾಲಕ (ಸದ್ಯ ಕೀ ಇಲ್ಲದವನು),
ಗುಡಾರದ ಅತಿಥಿಗಳ ಕಡೆಯ ಮಂಚ,
ದಲಾನ್‌ಬುಲಗ್, ಗೋಬಿ ಬಯಲು.

ಗೆ:
ಶ್ರೀಮತಿ ದುಲ್ಮಾ ಅವರಿಗೆ,
ಕಾರ್ಯದರ್ಶಿಗಳು, ತಾಲ್ಲೂಕು ಕಚೇರಿ, ಹಾಗೂ ಅರ್ಜಿದಾರನ ಹೆಂಡತಿ,
ಅದೇ ಗುಡಾರ, ಎದುರು ಮಂಚ.

ವಿಷಯ: ಕಾರಿನ ಮುಳ್ಳನ್ನು ನಂಬಿ ನಡುದಾರಿಯಲ್ಲಿ ನಿಂತ ತಪ್ಪೊಪ್ಪಿಗೆ ಹಾಗೂ ನಾಳಿನ ಪ್ರಯಾಣದ ಬಗ್ಗೆ.

ಉಲ್ಲೇಖ: ಕೀ ಕಿತ್ತುಕೊಂಡ ದಿನ ತಾವು ನೀಡಿದ ಮೌಖಿಕ ಆದೇಶ: "ಏನಿದ್ರೂ ಬರೆದು ಕೊಡು."

ಮಾನ್ಯರೇ,

ತಮ್ಮ ತಾಯಿಯವರಿಗೆ ಎಂಬತ್ತೈದು ತುಂಬಿದ ದಿನ ಹಿರಿಯ ಮಗಳಾದ ತಾವು ಅವರಿಗೆ ಮೊದಲ ಬಟ್ಟಲು ಹಾಲು ಕೊಡಬೇಕಿತ್ತು. ನನ್ನ ದೆಸೆಯಿಂದ ತಾವು ಮರುದಿನ, ಅದೂ ಒಂಟೆಯ ಮೇಲೆ, ತಲುಪಿದಿರಿ. ಆ ಕಾರಣ ಒಂಬತ್ತು ದಿನಗಳಿಂದ ಮಾತು ಬಿಟ್ಟಿದ್ದೀರಿ. ಆದ್ದರಿಂದ ಕೆಳಗಿನ ಅಂಶಗಳನ್ನು ಅವಗಾಹನೆಗೆ ತರಬಯಸುತ್ತೇನೆ.

1. ಸದರಿ ಮುಳ್ಳು ಟ್ಯಾಂಕ್ ತುಂಬಿಸಿದ ಮೇಲೆ ನೂರು ಕಿಲೋಮೀಟರ್ ಅಲ್ಲಾಡುವುದಿಲ್ಲ. ಅರ್ಧ ದಾಟಿತೋ, ಬಿಸಿ ಚಹಾಕ್ಕೆ ಬಿದ್ದ ಬೆಣ್ಣೆಯಂತೆ ಕರಗುತ್ತದೆ. ಹಳದಿ ದೀಪವಂತೂ ಪುಕ್ಕಲು. ಬೀದಿಗೊಂದು ಬಂಕ್ ಇರುವ ಪರದೇಶದಲ್ಲಿ ಹುಟ್ಟಿದ ಕಾರಣ, ಆರೇಳು ಲೀಟರ್ ಉಳಿದಿರುವಾಗಲೇ ಬಾಯಿ ಬಡಿದುಕೊಳ್ಳುತ್ತದೆ. ಕಳೆದ ಚಳಿಗಾಲ ದೀಪ ಹತ್ತಿದ ಮೇಲೂ ಅರವತ್ತು ಕಿಲೋಮೀಟರ್ ಓಡಿಸಿದ್ದೆ. ಅಂದಿನಿಂದ ನನಗೆ ಅಹಂಕಾರ.

2. ತಾಯಿಯವರಲ್ಲಿಗೆ ಹೊರಟ ದಿನ ದೀಪ ಹತ್ತಿದಾಗ, ತಾವು ಕೇಳಿ ಶುರುವಾದ ಮಾತುಕತೆ:

"ಪೆಟ್ರೋಲ್ ಸಾಕಾಗುತ್ತಾ? ಎಷ್ಟೊತ್ತಿಗೆ ತಲುಪ್ತೀವಿ?"

"ಬಿಡ್ತು ಅನ್ನು! ದಾರೀಲಿ ಹಂಗೆಲ್ಲ ಕೇಳಬಾರ್ದು, ಅಪಶಕುನ."

"ನಾನು ಸುಮ್ನಿರ್ತೀನಪ್ಪ. ಆ ದೀಪ ಕೇಳ್ತಿದೆ, ಅದಕ್ಕೆ ಹೇಳು."

ನಾನು ದೀಪ ಕಾಣದಂತೆ ಟೋಪಿ ಮುಚ್ಚಿದೆ.

3. ಬೆಟ್ಟದ ನೆತ್ತಿಯ ಕಲ್ಲುಗುಡ್ಡೆಯ ದೇವರಿಗೆ ಅವಸರದವರು ಮೂರು ಸಲ ಹಾರ್ನ್ ಹೊಡೆದು ಮುಂದೆ ಹೋಗುತ್ತಾರೆ. ನಾನು ಭಕ್ತಿ ಉಕ್ಕಿ ಕಾರಿನಲ್ಲೇ ಮೂರು ಸುತ್ತು ಬಂದೆ. ದೇವರೆದುರು ಬರಿತಲೆ ಸಲ್ಲದೆಂದು ಟೋಪಿ ಎತ್ತಿದರೆ, ದೀಪ ಆರಿತ್ತು! ಮುಳ್ಳು ಮೇಲೆದ್ದಿತ್ತು! "ನೋಡಿದ್ಯಾ, ದೇವರು ಕಣ್ಣುಬಿಟ್ಟ" ಎಂದೆ. ಇಳಿಜಾರಿಗೆ ಕಾರು ವಾಲಿ, ಇದ್ದಬದ್ದ ಪೆಟ್ರೋಲ್ ಟ್ಯಾಂಕಿನೊಳಗಿನ ತೇಲುಗುಂಡಿನ ಕಡೆಗೆ ಹರಿದಿತ್ತೆಂದು ಆಮೇಲೆ ನಮ್ಮನ್ನು ಕರೆದೊಯ್ದ ಒಂಟೆಯವನು ತಿಳಿಸಿದ. ಆ ಮುಳ್ಳನ್ನು ನಂಬಿ ನಾನು ಬಂಕಿನ ಕವಲುದಾರಿ ಬಿಟ್ಟು ಮುಂದೆ ಬಂದಾಗಿತ್ತು. ಬಯಲಲ್ಲಿ ಕಾರು ಎರಡು ಸಲ ಸೀನಿ ನಿಂತಿತು.

"ಈಗ ಕೇಳಬಹುದಾ?" ಎಂದಿರಿ.

4. ಇದನ್ನು ಬರೆಯಲು ಕೈ ಏಳುತ್ತಿಲ್ಲ. ಅಂದು ತಾಯಿಯವರು ಹಾಲು ಮುಟ್ಟದೆ ಸಂಜೆವರೆಗೂ ಕೂತಿದ್ದರೆಂದು ತಮ್ಮ ತಂಗಿ ಹೇಳಿದರು. ನೆಂಟರು "ದುಲ್ಮಾ ಎಷ್ಟೊತ್ತಿಗೆ ಬರ್ತಾಳಜ್ಜಿ?" ಎಂದಾಗಲೆಲ್ಲ, "ಬಾಯ್ಮುಚ್ಚಿ! ಮಗಳು ದಾರೀಲಿದ್ದಾಳೆ. ದಾರೀಲಿರೋರ ಬಗ್ಗೆ ಹಂಗೆ ಕೇಳಬಾರ್ದು" ಎಂದು ಗದರಿದರಂತೆ. ನಾನು ನಿನ್ನ (ಕ್ಷಮಿಸಿ, ತಮ್ಮ) ಬಾಯಿ ಮುಚ್ಚಿಸಲು ಆಡಿದ ಮಾತನ್ನು ಆ ಜೀವ ಮನಸಾರೆ ಪಾಲಿಸುತ್ತಿತ್ತು. ಕೊನೆಗೆ ನೆಂಟರ ಬಲವಂತಕ್ಕೆ ತಂಗಿಯ ಕೈಯಿಂದ ಕುಡಿದರು. ನನಗೆ ನಾಚಿಕೆಯಾಗಿದೆ.

ಆದ್ದರಿಂದ ನಾಳೆ ಬೆಳಿಗ್ಗೆ ಹೊರಟು, ತಾಯಿಯವರಿಗೆ ತಮ್ಮ ಕೈಯಾರೆ ಹಾಲು ಕೊಡಬೇಕೆಂದು ಕೋರುತ್ತೇನೆ. ಕೀಯನ್ನು ನಾನು ಕೇಳುತ್ತಿಲ್ಲ. ತಾವೇ ಓಡಿಸುವುದು. ಪಕ್ಕದ ಸೀಟು ಮಂಜೂರಾದರೆ ಸಾಕು. ದೇವರಿಗೆ ಹಾರ್ನ್ ಸಾಕು. ದಾರಿಯಲ್ಲಿ ತಾವು ಏನು ಬೇಕಾದರೂ ಕೇಳಬಹುದು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತೇನೆ.

ತಮ್ಮ ವಿಶ್ವಾಸಿ,
ಲುವ್ಸಾನ್

ಲಗತ್ತುಗಳು:
1. ಬಟ್ಟಲಿನಡಿ ಹಿಡಿಯಲು ನೀಲಿ ರೇಷ್ಮೆ ವಸ್ತ್ರ.
2. ಇಪ್ಪತ್ತು ಲೀಟರಿನ ಡಬ್ಬಿ, ತುಂಬಿದ್ದು (ಬಾಗಿಲ ಹೊರಗಿದೆ).
3. ಅರ್ಜಿದಾರನ ಟೋಪಿ, ಮುಟ್ಟುಗೋಲಿಗಾಗಿ.

ವಿಶೇಷ ಸೂಚನೆ: ಡಬ್ಬಿಯಲ್ಲಿ ಹೊತ್ತು ತಂದು ಟ್ಯಾಂಕನ್ನೂ ತುಂಬಿಸಿದ್ದೇನೆ. ಮುಳ್ಳಿನ ಮಾತೂ ಬೇಡ, ನನ್ನ ಮಾತೂ ಬೇಡ. ತಾವು ಒಮ್ಮೆ ಹೊರಗೆ ಬಂದು, ನನ್ನ ಪಕ್ಕ ನಿಂತು, ಮುಚ್ಚಳ ತೆಗೆದು ನೋಡಬೇಕಾಗಿ ವಿನಂತಿ.